ಅಕ್ಕನ ಕಿವಿ ಮಷಿನ್ನೂ ನಾನು ಉಜ್ಜಿ ಕೆಡಿಸಿದ ಬಿಟ್ಟೂ

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಗಟ್ಟಿ ಮಾಡಿಕೊಂಡದ್ದೇ ತಡವಾಗಿ, ಮುಂಬೈಗೆ ಬಂದು ದುಡಿಯಲು ಶುರು ಮಾಡಿದ ಮೇಲೆ, ಕನ್ನಡದ ರಾತ್ರಿ ಶಾಲೆಯಲ್ಲಿ. ಟೈಪ್ ಮಾಡಲು ಕಲಿತದ್ದು ಅದಕ್ಕಿಂತಲೂ ತಡ. ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ, ದೀರ್ಘ ಬಿಟ್ಟುಹೋಗಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದಿ.

ಮೊನ್ನೆ ಪರಿಚಯದವರೊಬ್ಬರು ಸಣ್ಣ ಸೋಲ್ಡರಿಂಗ್, ಅಂದರೆ ಬೆಸುಗೆ ಕೆಲಸ ಕಲಿಯಬೇಕು, ಶುರುವಿಗೆ ಏನೇನು ಸಾಮಾನು ತರಲಿ ಎಂದು ಕೇಳಿದರು. ಅವರ ಮೊಬೈಲಿನಲ್ಲಿ ಒಂದು ಉದ್ದ ಪಟ್ಟಿ ಇತ್ತು. ಮೈಕ್ರೋಸ್ಕೋಪು, ಬಿಸಿಗಾಳಿಯ ಯಂತ್ರ, ಇನ್ನೂ ಏನೇನೋ. ಪಟ್ಟಿ ನೋಡುತ್ತಾ ನನಗೆ ನನ್ನ ಮೊದಲ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ನನ್ನ ಸಾಮಾನೆಲ್ಲ ಆ ಡಬ್ಬಿಯಲ್ಲಿ ಹಿಡಿಯುತ್ತಿತ್ತು. ಅವರಿಗೆ ಉತ್ತರ ಕೊಡುವ ಬದಲು ಇದನ್ನು ಬರೆಯಲು ಕೂತೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ವಿಕ್ರೋಳಿಯಲ್ಲಿ ಮೋಟರ್ ವೈಂಡಿಂಗ್ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದೆ. ಸುಟ್ಟ ಮೋಟರಿನ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ದಿನವಿಡೀ ಸುತ್ತುವುದೇ. ಕೈಬೆರಳಿಗೆಲ್ಲ ವಾರ್ನಿಶ್ ಹತ್ತಿ ಕಂದು ಬಣ್ಣ ಬಂದಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಇಷ್ಟು ದಪ್ಪ ಕೆಲಸ ಮಾಡುವವನಿಗೆ ಆ ಸಣ್ಣ ಕೆಲಸದ ಹುಚ್ಚು ಹಿಡಿದದ್ದು ಗ್ರಾಂಟ್ ರೋಡಿನಲ್ಲಿ. ವರ್ಕ್‌ಶಾಪಿನ ಮಾಲೀಕ ಸೇಠ್ ಒಂದು ದಿನ ಏನೋ ಬೇರಿಂಗ್ ತರಲು ಅಲ್ಲಿಗೆ ಕಳಿಸಿದ್ದರು. ಸ್ಟೇಷನ್ನಿನಿಂದ ಇಳಿದು ಒಂದು ಗಲ್ಲಿಯಲ್ಲಿ ಹೋಗುತ್ತಿದ್ದಾಗ, ಒಂದು ಬಿಲ್ಡಿಂಗಿನ ಮೆಟ್ಟಿಲ ಕೆಳಗೆ, ಇಬ್ಬರು ಕೂತರೆ ಮೂರನೆಯವನು ನಿಲ್ಲಲೂ ಜಾಗವಿಲ್ಲದ ಗೂಡಿನಲ್ಲಿ, ಬಿಳೀ ಅಂಗಿಯ ಒಬ್ಬರು ವಾಕ್‌ಮನ್ ಬಿಚ್ಚಿಕೊಂಡು ಕೂತಿದ್ದರು. ಒಳಗಿನ ಹಸಿರು ಬೋರ್ಡಿನ ಮೇಲೆ ಸಾಸಿವೆಗಿಂತ ಸಣ್ಣ ಪಾರ್ಟುಗಳು. ಅವರು ಬೆಸುಗೆ ಹಾಕುವ ಐರನ್ನಿನ ಕಾದ ತುದಿ ಮುಟ್ಟಿಸಿದರು, ಒಂದು ಎಳೆ ಹೊಗೆ ಎದ್ದಿತು, ಬೆಳ್ಳಿಯ ಹನಿಯೊಂದು ಹೊಳೆದು ಗಟ್ಟಿಯಾಯಿತು. ಸತ್ತುಹೋಗಿದ್ದ ವಾಕ್‌ಮನ್ ತಿರುಗತೊಡಗಿತು. ನಾನು ಬೇರಿಂಗ್ ಮರೆತು ಅಲ್ಲೇ ನಿಂತುಬಿಟ್ಟೆ.

ಅವರು ಉಡುಪಿ ಕಡೆಯವರು, ಮನೆ ಅಂಧೇರಿಯಲ್ಲಿ. ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ನಾನು ನಿಂತದ್ದನ್ನು ನೋಡಿ ಹಿಂದಿಯಲ್ಲಿ ಏನು ಬೇಕೆಂದರು. ನನ್ನ ಹಿಂದಿ ಕೇಳುತ್ತಲೇ ಕನ್ನಡಕ್ಕೆ ತಿರುಗಿದರು. ಕಲಿಸುತ್ತೀರಾ ಎಂದು ಕೇಳಿದೆ. ನನ್ನ ಬೆರಳು ನೋಡಿ ನಕ್ಕರು. ಆದರೂ ಭಾನುವಾರ ಬಿಟ್ಟು ಬೇರೆ ದಿನ ಕೆಲಸ ಮುಗಿಸಿ ಬಾ ಎಂದರು.

ಅಂದಿನಿಂದ ಐದು ಗಂಟೆಗೆ ವರ್ಕ್‌ಶಾಪ್ ಬಿಟ್ಟರೆ ಓಡುವುದೇ. ಲೋಕಲ್ ಹಿಡಿದು ದಾದರ್, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಲೋಕಲ್, ಆಮೇಲೆ ಗ್ರಾಂಟ್ ರೋಡ್. ಆ ಹೊತ್ತಿಗೆ ಅಷ್ಟು ಜನ ಇಳಿಯುವುದರ ವಿರುದ್ಧ ಹತ್ತುವಾಗ ಮೈಯೆಲ್ಲ ಹಿಂಡಿಹೋಗುತ್ತಿತ್ತು, ಆದರೆ ನನಗೆ ಖುಷಿಯೇ ಖುಷಿ.

ಮಾಸ್ತರ್ ಮೊದಲ ದಿನವೇ ಒಂದು ಮಾತು ಹೇಳಿದ್ದರು. "ಸಾಮಾನು ಒಂದೇ ಸಲ ತರ್ಬೇಡ ಮಾರಾಯ. ಯಾವುದು ಇಲ್ಲದೆ ಕೈ ನಿಲ್ತದೋ, ಆವಾಗ ಅದನ್ನು ತಾ."

ಹಾಗೇ ತಂದೆ. ಮೊದಲಿಗೆ ಇಪ್ಪತ್ತೈದು ವ್ಯಾಟಿನ ಒಂದು ಐರನ್, ಒಂದು ಸುರುಳಿ ಸೋಲ್ಡರ್ ತಂತಿ, ಬೂಟ್ ಪಾಲಿಶ್ ಡಬ್ಬಿಯಲ್ಲಿ ಒಂದು ಉಂಡೆ ರಾಳ. ರಾಳ ಹಚ್ಚದೆ ಬೆಸುಗೆ ಹಿಡಿಯುವುದಿಲ್ಲ ಎನ್ನುವುದನ್ನು ನಾನು ಮೂರು ದಿನ ಹಟ ಮಾಡಿ ಕಲಿತೆ. ಆಮೇಲೆ ಪಾರ್ಟು ಹಿಡಿಯಲು ಬೆರಳು ದಪ್ಪವಾಯಿತು, ಚಿಮುಟ ಬೇಕಾಯಿತು. ಮಾಸ್ತರ್ ರೇಡಿಯೋ ಅಂಗಡಿಗೆ ಕಳಿಸಲಿಲ್ಲ, ಅಕ್ಕಸಾಲಿಗರ ಸಾಮಾನು ಮಾರುವಲ್ಲಿಗೆ ಕಳಿಸಿದರು. ಮೂಗುತಿಯ ಹರಳು ಎತ್ತುವ ಚಿಮುಟದ ತುದಿ ಎರಡೂ ಕೂದಲೆಳೆಯಷ್ಟು ಅಂತರವಿಲ್ಲದೆ ಕೂಡುತ್ತದೆ, ಅದನ್ನು ಬೆಳಕಿಗೆ ಹಿಡಿದು ನೋಡಿ ತರಬೇಕು. ಹಾಗೆ ಹಿಡಿದು ಹಿಡಿದು ನೋಡುತ್ತಿದ್ದಾಗ ಅಂಗಡಿಯವನು ಮಗಳ ಮದುವೆಯಾ ಎಂದು ಕೇಳಿದ. ನನಗೇ ಆಗ ಮದುವೆಯಾಗಿರಲಿಲ್ಲ.

ಕಣ್ಣಿಗೆ ಗಡಿಯಾರ ರಿಪೇರಿಯವರ ಗಾಜು. ಅದನ್ನು ಕಣ್ಣಿನ ಗುಳಿಯಲ್ಲಿ ಸಿಕ್ಕಿಸಿಕೊಂಡರೆ ಬೀಳುತ್ತಿತ್ತು, ಅದಕ್ಕೆ ಒಂದು ತಂತಿಯ ಬಳೆ ಮಾಡಿ ತಲೆಗೆ ಹಾಕಿಕೊಂಡೆ. ಮೊದಲ ಸಲ ಅದರಲ್ಲಿ ಬೋರ್ಡ್ ನೋಡಿದಾಗ ಆದ ಸಂಭ್ರಮ ಇನ್ನೂ ಹಾಗೇ ಇದೆ. ಒಂದು ಊರೇ ಕಂಡಹಾಗೆ ಆಯಿತು. ರಸ್ತೆ, ಚೌಕ, ಸಾಲು ಸಾಲು ಮನೆ. ಚೆನ್ನಾಗಿದೆ ಎಂದು ನಾನು ನೋಡಿಕೊಂಡಿದ್ದ ನನ್ನ ಬೆಸುಗೆಗಳು ಆ ಗಾಜಿನಲ್ಲಿ ಸಗಣಿಯ ಮುದ್ದೆಯ ಹಾಗೆ ಕಂಡವು. ಹಳೇ ಸೋಲ್ಡರ್ ತೆಗೆಯಲು ಮಾಸ್ತರ್ ಬಳಿ ಹೀರುವ ಪಿಚಕಾರಿ ಇತ್ತು, ನನ್ನ ಬಳಿ ಇರಲಿಲ್ಲ. ಟಿವಿ ಆಂಟೆನಾದ ಹಳೇ ಕೇಬಲ್ ಸಿಪ್ಪೆ ಸುಲಿದು, ಒಳಗಿನ ಹೆಣೆದ ತಾಮ್ರದ ಬಲೆಗೆ ರಾಳ ಹಚ್ಚಿ ಇಟ್ಟು ಕಾಸಿದರೆ ಸೋಲ್ಡರೆಲ್ಲ ಬತ್ತಿ ಎಣ್ಣೆ ಹೀರಿದಂತೆ ಹೀರಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. ತೊಳೆಯಲು ಸ್ಪಿರಿಟ್ಟು, ಉಜ್ಜಲು ಹಳೇ ಟೂತ್‌ಬ್ರಶ್. ತಂತಿ ಕಡಿದಿದೆಯೋ ಇಲ್ಲವೋ ನೋಡಲು ಮೀಟರು, ಅದು ಚೋರ್ ಬಜಾರಿನಿಂದ ಬಂದದ್ದು. ಅದರ ಮುಳ್ಳು ಸೊನ್ನೆಗೆ ಬರುತ್ತಿರಲಿಲ್ಲ, ಬೆರಳಿನಿಂದ ಒಮ್ಮೆ ತಟ್ಟಬೇಕಿತ್ತು.

ಇಷ್ಟೆಲ್ಲ ಇದ್ದರೂ ದಿನದ ಮೊದಲ ಪಾಠ ಒಂದೇ. ಕೂತ ಕೂಡಲೇ ಐರನ್ನಿನ ಬಿಟ್, ಅಂದರೆ ಅದರ ಮುಂದಿನ ಕಾಯುವ ತುದಿ, ಅದನ್ನು ತಣ್ಣಗಿರುವಾಗ ಅರದಿಂದ ಉಜ್ಜಿ ಕೆಂಪು ತಾಮ್ರ ಹೊಳೆಯುವಂತೆ ಮಾಡಬೇಕು. ಆಮೇಲೆ ಕಾಸಿ, ರಾಳಕ್ಕೆ ಅದ್ದಿ, ಸೋಲ್ಡರ್ ಸವರಬೇಕು. ದೇವರ ಹಿತ್ತಾಳೆ ಸಾಮಾನು ತಿಕ್ಕುವ ಹಾಗೆ ನಾನು ದಿನಾ ತಿಕ್ಕುತ್ತಿದ್ದೆ. ಉಜ್ಜದೆ ಕೆಲಸ ಮುಟ್ಟಿದರೆ ಮಾಸ್ತರ್ ಕೈ ಮೇಲೆ ಚಿಮುಟದಿಂದ ಕುಟ್ಟುತ್ತಿದ್ದರು. ಈ ಪಾಠ ನನ್ನ ಕೈಗೆ ಎಷ್ಟು ಹತ್ತಿತು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಊಟ ನನಗೆ ವಿಕ್ರೋಳಿಯ ನಮ್ಮ ಚಾಳಿನ ಖಾನಾವಳಿಯಲ್ಲಿ. ನಡೆಸುವವರು ಬಿಜಾಪುರ ಕಡೆಯ ಒಬ್ಬ ಹೆಂಗಸು, ಗಂಡ ತೀರಿಕೊಂಡಿದ್ದರು. ಉಣ್ಣುವವರೆಲ್ಲ ಅಕ್ಕ ಅನ್ನುತ್ತಿದ್ದೆವು. ಒಂದೇ ಖೋಲಿ, ಅದರಲ್ಲೇ ಒಲೆ, ಅದರಲ್ಲೇ ಪಂಕ್ತಿ. ಅಕ್ಕನಿಗೆ ಕಿವಿ ಮಂದ. ಸೆರಗಿನ ಕೆಳಗೆ ಎದೆಯ ಮೇಲೆ ಒಂದು ಚೀಲ, ಚೀಲದೊಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಿವಿ ಮಷಿನ್ನು, ಅದರಿಂದ ಕಿವಿಯವರೆಗೆ ಒಂದು ಎಳೆ ವಾಯರು. ಮಾತು ಕೇಳುವುದು ಎದೆಯಿಂದ. ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದರೆ, "ಅಲ್ಲಿ ಯಾಕ ಒದರ್ತಿ, ಇಲ್ಲಿ ಹೇಳು" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು.

ಅಕ್ಕನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಆದರೆ ನಲವತ್ತು ಜನ ಉಣ್ಣುವ ಒಂದೇ ಖೋಲಿಯಲ್ಲಿ ಬಾಣಂತಿಯನ್ನು ಎಲ್ಲಿ ಮಲಗಿಸುವುದು. ಅದಕ್ಕೆ ಮಗಳನ್ನು ಬಿಜಾಪುರದಲ್ಲಿದ್ದ ತನ್ನ ಅಣ್ಣನ ಮನೆಗೆ ಕಳಿಸಿದ್ದರು. ಹೆರಿಗೆಗೂ ಹೋಗಲಾಗಲಿಲ್ಲ. ಅಡಿಗೆ ಬಿಟ್ಟು ಎರಡು ದಿನ ಹೋದರೆ ಉಣ್ಣುವವರು ಬೇರೆ ಖಾನಾವಳಿಗೆ ಹೋಗುತ್ತಾರೆ, ತಿರುಗಿ ಬರುವುದಿಲ್ಲ. ಹೆಣ್ಣು ಮಗು ಹುಟ್ಟಿತೆಂದು ಟೆಲಿಗ್ರಾಂ ಬಂದ ದಿನ ಅಕ್ಕ ಎಲ್ಲರಿಗೂ ಗೋದಿ ಹುಗ್ಗಿ ಬಡಿಸಿದರು, ತಾವು ಉಣ್ಣಲಿಲ್ಲ.

ಒಂದು ಬುಧವಾರ ಕಾಗದ ಬಂತು. ಓದಿದವನು ನಾನೇ. ಸೋದರಮಾವನ ಮನೆಯ ಎದುರಿಗೆ ವಕೀಲರ ಮನೆಯಲ್ಲಿ ಫೋನಿದೆ, ಬರುವ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಚಾಳಿನ ಕೆಳಗಿನ ಮೆಡಿಕಲ್ ಅಂಗಡಿಗೆ ಟ್ರಂಕ್ ಕಾಲ್ ಮಾಡುತ್ತೇವೆ, ಕೂಸಿನ ದನಿ ಕೇಳಿಸುತ್ತೇನೆ ಎಂದು ಮಗಳು ಬರೆದಿದ್ದಳು. ಅಕ್ಕ ಆ ಸಾಲನ್ನು ಮೂರು ಸಲ ಓದಿಸಿದರು.

ಗುರುವಾರ ಕಿವಿ ಮಷಿನ್ ಸತ್ತುಹೋಯಿತು.

ಪೆನ್ಸಿಲ್ ಸೆಲ್ ಬದಲಿಸಿದರು, ಆಗಲಿಲ್ಲ. ಚಾಳಿನ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಕೊಂಡ ಅಂಗಡಿಗೆ ಹೋದರೆ, ಇಟ್ಟು ಹೋಗಿ, ಕಂಪನಿಗೆ ಹೋಗಿ ಬರಲು ಒಂದು ತಿಂಗಳು ಎಂದರಂತೆ. ಅಕ್ಕ ಅವರ ಕೈಯಿಂದ ಕಸಿದುಕೊಂಡು ಬಂದರು. ಅಂದು ಪಂಕ್ತಿಯಲ್ಲಿ ಒಬ್ಬ ಸಾರು ಕೇಳಿದರೆ ಉಪ್ಪಿನಕಾಯಿ ಬಡಿಸಿದರು, ಕೆಲವರು ನಕ್ಕರು. ಅಕ್ಕ ನಗುವವರ ಬಾಯನ್ನು ಒಂದೊಂದಾಗಿ ನೋಡಿದರು. ನಾನು ತಟ್ಟೆ ಬಿಟ್ಟು ಎದ್ದೆ. ಕಾಗದದ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ನಾನು ನೋಡಲಾ ಎಂದು ಬರೆದು ತೋರಿಸಿದೆ. ಅಕ್ಕನಿಗೆ ಓದಲು ಬರುವುದಿಲ್ಲ ಎನ್ನುವುದು ಆಗ ನೆನಪಾಯಿತು. ಕೈಸನ್ನೆ ಮಾಡಿ ಕೇಳಿದೆ.

"ನೀ ಮೋಟರ್ ಸುತ್ತಾಂವ," ಎಂದರು ಅಕ್ಕ. ಆಮೇಲೆ ನನ್ನ ಮುಖ ನೋಡಿ, "ನೋಡು. ಆದ್ರ ಇದು ನನ್ನ ಕಣ್ಣ ಮುಂದಿಂದ ಎಲ್ಲೀಗೂ ಹೋಗೂದಿಲ್ಲ. ಇಲ್ಲೇ ಕುಂತು ಬಿಚ್ಚು."

ಬಿಚ್ಚಿದೆ. ಕಣ್ಣಿಗೆ ಗಾಜು ಹಾಕಿ ನೋಡಿದರೆ, ರಬ್ಬರಿನೊಳಗೆ ಕಡಲೆಬೇಳೆಯಷ್ಟು ಮೈಕು, ಅದರಿಂದ ಬೋರ್ಡಿಗೆ ಬಂದ ಎರಡು ಎಳೆ ತಂತಿಯಲ್ಲಿ ಒಂದು ಬೆಸುಗೆಯ ಬುಡದಲ್ಲಿ ಹಸಿರುಗಟ್ಟಿ ಬಿಟ್ಟುಹೋಗಿತ್ತು. ಒಲೆ ಮುಂದಿನ ಬೆವರು ಇಳಿದು ಇಳಿದು ತಿಂದುಹಾಕಿತ್ತು. ರೋಗ ಸಿಕ್ಕಿತು! ಆದರೆ ಅದರ ಪಕ್ಕದಲ್ಲೇ, ಒಂದು ಅಕ್ಕಿಕಾಳೂ ಹಿಡಿಯದಷ್ಟು ಜಾಗದಲ್ಲಿ, ಇನ್ನೂ ಎರಡು ಬೆಸುಗೆ. ನನ್ನ ಐರನ್ನಿನ ಬಿಟ್ ಕಿರುಬೆರಳಿನಷ್ಟು ದಪ್ಪ. ಮುಟ್ಟಿಸಿದರೆ ಮೂರೂ ಕೂಡಿಹೋಗುತ್ತವೆ. ಸಾಲದ್ದಕ್ಕೆ ಆ ಮೈಕು ಶಾಖ ತಡೆಯುವುದಿಲ್ಲ.

ಶುಕ್ರವಾರ ಮಾಸ್ತರಿಗೆ ಎಲ್ಲ ಹೇಳಿದೆ. ಅವರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು, ಅಷ್ಟು ಸಣ್ಣದು ನನ್ನಿಂದಾಗದು, ನೀನೇ ಮಾಡಬೇಕು ಎಂದರು. ಆಮೇಲೆ ಮೇಜಿನ ಡ್ರಾದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಸಾಮಾನು ತೆಗೆದರು. ದುಬೈಯಿಂದ ಬಂದ ಗಿರಾಕಿಯೊಬ್ಬ ಕೊಟ್ಟ ಐರನ್. ಪೆನ್ನಿನಷ್ಟು ತೆಳ್ಳಗೆ, ತುದಿ ಗೋಣಿಸೂಜಿಯ ಮೊನೆಯ ಹಾಗೆ. ಅವರೇ ಅದನ್ನು ಎರಡೋ ಮೂರೋ ಸಲ ಬಳಸಿದ್ದರಂತೆ. ತಗೊಂಡು ಹೋಗು ಎಂದು ನನ್ನ ಕೈಯಲ್ಲಿಟ್ಟರು. ಲೋಕಲಿನಲ್ಲಿ ಆ ಜನದ ನಡುವೆ ಅದನ್ನು ಅಂಗಿಯೊಳಗೆ ಕೂಸಿನ ಹಾಗೆ ಅವುಚಿಕೊಂಡು ಬಂದೆ.

ಶನಿವಾರ ಅರ್ಧ ದಿನ ರಜೆ. ಮಧ್ಯಾಹ್ನ ಉಣ್ಣುವವರೆಲ್ಲ ಎದ್ದುಹೋದ ಮೇಲೆ ಖಾನಾವಳಿಯಲ್ಲಿ ಕೂತೆ. ಅಕ್ಕ ಎದುರಿಗೆ ಕೂತರು. ನಾನು ಶಿಸ್ತಿನಿಂದ ಮೊದಲ ಪಾಠ ಮಾಡಿದೆ. ಅರ ತೆಗೆದು ಆ ಸೂಜಿಮೊನೆಯ ಬಿಟ್ಟನ್ನು ಚೆನ್ನಾಗಿ ಉಜ್ಜಿದೆ. ಮೇಲಿನ ಬೂದು ಬಣ್ಣ ಹೋಗಿ ಮಿರಿಮಿರಿ ಹೊಳೆಯಿತು. ಇನ್ನೂ ಸ್ವಲ್ಪ ಉಜ್ಜಿದೆ. ಇಂಥ ಸಾಮಾನಿಗೆ ಇಂಥ ಸೇವೆ ಮಾಡದಿದ್ದರೆ ಹೇಗೆ ಎಂದು ಹೆಮ್ಮೆ ಬೇರೆ. ಕಾಸಿದೆ. ಹೊಳಪು ಹೋಗಿ ತುದಿ ಕಪ್ಪಾಯಿತು. ಸೋಲ್ಡರ್ ಮುಟ್ಟಿಸಿದರೆ ಕಾದ ಹಂಚಿನ ಮೇಲಿನ ನೀರಹನಿಯ ಹಾಗೆ ಗುಂಡಾಗಿ ಉರುಳಿ ಬಿತ್ತು. ರಾಳಕ್ಕೆ ಅದ್ದಿದೆ, ಮತ್ತೆ ಉಜ್ಜಿದೆ, ಮತ್ತೆ ಕಾಸಿದೆ. ಉರುಳಿ ಬಿತ್ತು. ಮೊನೆ ಮೊಂಡಾಗಿತ್ತು. ಅಕ್ಕ ನನ್ನ ಮುಖ ನೋಡಿಯೇ ಎದ್ದುಹೋಗಿ ರಾತ್ರಿ ಅಡಿಗೆಯ ಹಿಟ್ಟು ನಾದಲು ಕೂತರು.

ಮಷಿನ್ ಹಾಗೇ ಮುಚ್ಚಿಟ್ಟು, ಎರಡೂ ಐರನ್ ಡಬ್ಬಿಗೆ ಹಾಕಿಕೊಂಡು ಗ್ರಾಂಟ್ ರೋಡಿಗೆ ಓಡಿದೆ. ಮಾಸ್ತರ್ ಬಿಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಂತ ಮಾಡಿದೆ ಇದಕ್ಕೆ?"

"ಉಜ್ಜಿದ್ನಿರಿ. ದಿನಾ ಉಜ್ಜೂಹಂಗ."

ಬಯ್ಯುತ್ತಾರೆಂದು ಕಾದೆ. ಅವರು ಹೇಳಿದ್ದು ಇಷ್ಟು. ನಮ್ಮ ದೇಶಿ ಬಿಟ್ ಒಳಗೂ ಹೊರಗೂ ತಾಮ್ರ, ಎಷ್ಟು ಉಜ್ಜಿದರೂ ತಾಮ್ರವೇ ಬರುತ್ತದೆ. ಇದಕ್ಕೆ ಮೇಲೊಂದು ತೆಳು ಲೇಪ ಇರುತ್ತದೆ, ಅದೇ ಇದರ ಚರ್ಮ. ಅರ ತಾಗಿ ಅದು ಕೆಟ್ಟರೆ ಕಾದ ಕೂಡಲೇ ಕಪ್ಪಾಗುತ್ತದೆ, ಸೋಲ್ಡರ್ ಹಿಡಿಯುವುದಿಲ್ಲ. ಒದ್ದೆ ಸ್ಪಂಜಿನಲ್ಲಿ ಒರೆಸಬೇಕು, ಅರ ಮುಟ್ಟಿಸಬಾರದು. "ಉಜ್ಜು ಅಂತ ಕುಟ್ಟಿ ಕುಟ್ಟಿ ಕಲಿಸಿದ್ದು ನಾನು. ಇದನ್ನು ಉಜ್ಜಬೇಡ ಅಂತ ಹೇಳ್ಲಿಕ್ಕೆ ಮರೆತದ್ದೂ ನಾನು. ನಿನಗೆ ಬಯ್ದು ಎಂತ ಉಂಟು?"

ಬೇರೆ ಬಿಟ್ ಇಲ್ಲ. ಅಂಥದ್ದು ಆಗ ಗ್ರಾಂಟ್ ರೋಡಿನ ಅಂಗಡಿಗಳಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಕಣ್ಣು ನನ್ನ ಕೈ ಮೇಲೆಯೇ ಇತ್ತು. ವಾರ್ನಿಶ್ ಹತ್ತಿದ ಕಂದು ಬೆರಳು. ವರ್ಷಗಟ್ಟಲೆ ಸುತ್ತಿದ ಬೆರಳು. ಹಾಗೇ ನೋಡುತ್ತಾ ಇದ್ದಾಗ ಹೊಳೆಯಿತು.

"ಮಾಸ್ತರ್ರ, ನನ್ನ ಐರನ್ನಿನ ದಪ್ಪ ಬಿಟ್ಟಿಗೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿ, ತುದಿ ಅಷ್ಟು ಮುಂದ ಬಿಟ್ರ? ಶಾಖ ತಂತಿಗುಂಟ ಬರೂದಿಲ್ಲೇನ್ರಿ?"

ಮಾಸ್ತರ್ ಕನ್ನಡಕ ಹಣೆಗೆ ಏರಿಸಿದರು. "ಸುತ್ತು ನೋಡುವ. ಕೆಟ್ಟರೆ ತಂತಿ ಅಲ್ವಾ ಕೆಡುವುದು."

ನನ್ನ ಡಬ್ಬಿಯಲ್ಲಿ ವರ್ಕ್‌ಶಾಪಿನ ತಂತಿಯ ತುಂಡು ಯಾವಾಗಲೂ ಇರುತ್ತಿತ್ತು. ಬ್ಲೇಡಿನಿಂದ ಅದರ ಮೇಲಿನ ವಾರ್ನಿಶ್ ಹೆರೆದೆ, ಇಲ್ಲದಿದ್ದರೆ ಶಾಖವೂ ದಾಟುವುದಿಲ್ಲ, ಸೋಲ್ಡರೂ ಹತ್ತುವುದಿಲ್ಲ. ಬಿಟ್ಟಿನ ಸುತ್ತ ಒಂದಕ್ಕೊಂದು ತಾಗಿಸಿ ಹತ್ತು ಸುತ್ತು ಸುತ್ತಿದೆ. ಇದು ನನಗೆ ಗೊತ್ತಿದ್ದ ಕೆಲಸ. ಅರ್ಧ ಬೆರಳಿನಷ್ಟು ಮುಂದೆ ಬಿಟ್ಟು ಓರೆಯಾಗಿ ಕತ್ತರಿಸಿ, ಅರದಿಂದ ಮೊನೆ ಮಾಡಿದೆ. ಈ ಸಲ ಉಜ್ಜಿದ್ದು ತಾಮ್ರ! ಕಾಯಲು ತಡವಾಯಿತು, ಆದರೆ ಕಾಯಿತು. ರಾಳಕ್ಕೆ ಅದ್ದಿ ಸೋಲ್ಡರ್ ಮುಟ್ಟಿಸಿದರೆ ತುದಿಯೆಲ್ಲ ಬೆಳ್ಳಗಾಯಿತು. ನನಗೆ ಕುಣಿಯಬೇಕು ಅನಿಸಿತು, ಆ ಗೂಡಿನಲ್ಲಿ ಜಾಗವಿರಲಿಲ್ಲ. ಮಾಸ್ತರ್ ಒಂದು ಸತ್ತ ವಾಕ್‌ಮನ್ ಬೋರ್ಡ್ ಮುಂದಿಟ್ಟರು. ಕೂದಲಂಥ ತಂತಿಯನ್ನು ಅದಕ್ಕೆ ಬೆಸೆ, ಬಿಚ್ಚು, ಬೆಸೆ. ಒಂದು, ಎರಡು ಎಂದು ಅವರು ಎಣಿಸುತ್ತಿದ್ದರು. ಎರಡರೊಳಗೆ ತುದಿ ಎತ್ತಬೇಕು, ಇಲ್ಲದಿದ್ದರೆ ಮೈಕು ಸಾಯುತ್ತದೆ. ಅಂಗಡಿ ಮುಚ್ಚುವವರೆಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಕೊನೆಗೆ ಅವರು ಎಣಿಸುವುದನ್ನು ನಿಲ್ಲಿಸಿದರು, ನನ್ನೊಳಗೇ ಎಣಿಕೆ ನಡೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಖಾನಾವಳಿಗೆ ಹೋದೆ. ರೊಟ್ಟಿ ಬಡಿಯುವ ಹಲಗೆಯನ್ನು ಅಕ್ಕ ತಾವೇ ತೊಳೆದು ಒರೆಸಿ ಬಾಗಿಲ ಬೆಳಕಿಗೆ ಹಾಕಿಕೊಟ್ಟರು. ಅದರ ಮೇಲೆ ನನ್ನ ಸಾಮಾನೆಲ್ಲ ಹರಡಿದೆ. ಫ್ಯಾನ್ ನಿಲ್ಲಿಸಿದೆ. ನಾಷ್ಟಾಕ್ಕೆ ಬಂದವರು ಸುತ್ತ ನಿಂತರು. ಆಪರೇಶನ್ ನಡದೈತಿ, ಪೇಶಂಟಿನ ಕಡೆಯವರು ಹೊರಗ ನಿಲ್ಲಿ ಎಂದು ಒಬ್ಬ ತಮಾಷೆ ಮಾಡಿದ. ಅಕ್ಕನಿಗೆ ಕೇಳಿಸಲಿಲ್ಲ, ಆದರೆ ಕೈಯಲ್ಲಿದ್ದ ಸೌಟು ತೋರಿಸಿದರು, ಎಲ್ಲರೂ ಹಿಂದೆ ಸರಿದರು.

ಮೊದಲು ಸ್ಪಿರಿಟ್ಟಿನಲ್ಲಿ ಬ್ರಶ್ ಅದ್ದಿ ಹಸಿರು ಕಿಲುಬು ತೆಗೆದೆ. ಹೊಲಿಗೆಸೂಜಿಯಿಂದ ತಂತಿಯ ತುದಿ ಹೆರೆದೆ. ಕೇಬಲಿನ ತಾಮ್ರದ ಬಲೆ ಇಟ್ಟು ಹಳೇ ಸೋಲ್ಡರ್ ಹೀರಿಸಿದೆ. ಚಿಮುಟದಲ್ಲಿ ತಂತಿ ಹಿಡಿದು ಜಾಗಕ್ಕೆ ತಂದೆ. ಉಸಿರು ಬಿಟ್ಟರೆ ಗಾಜಿಗೆ ಮಂಜು ಕಟ್ಟುತ್ತದೆ, ಅದಕ್ಕೆ ಉಸಿರು ಹಿಡಿದೆ. ಮುಟ್ಟಿಸಿದೆ. ಒಂದು. ಎರಡು. ಎತ್ತಿದೆ. ಪಕ್ಕದ ಎರಡೂ ಬೆಸುಗೆ ತಮ್ಮ ಪಾಡಿಗೆ ತಾವಿದ್ದವು. ನಡುವೆ ಹೊಸ ಹನಿ ಹೊಳೆಯುತ್ತಿತ್ತು. ಮೀಟರ್ ತಟ್ಟಿ ನೋಡಿದೆ, ಮುಳ್ಳು ಎದ್ದಿತು.

ಸೆಲ್ ಹಾಕಿ ಮಷಿನ್ ಅಕ್ಕನ ಕೈಗೆ ಕೊಟ್ಟೆ. ಅವರು ವಾಯರನ್ನು ಕಿವಿಗೆ ಸಿಕ್ಕಿಸಿಕೊಂಡು, ದನಿ ಏರಿಸುವ ಗಾಲಿ ತಿರುಗಿಸಿ, ಸುಮ್ಮನೆ ನಿಂತರು. ಅಕ್ಕ ನಿಧಾನವಾಗಿ ಒಲೆಯ ಕಡೆ ತಿರುಗಿ, "ಹಾಲು ಉಕ್ಕಾಕತ್ತೇತಿ," ಎಂದರು. ನಿಜಕ್ಕೂ ಹಾಲು ಸುಂಯ್ ಎನ್ನುತ್ತಿತ್ತು, ನಾವಾರೂ ನೋಡಿರಲಿಲ್ಲ.

ಹತ್ತೂವರೆಗೇ ಅಕ್ಕ ಇಳಕಲ್ ಸೀರೆ ಉಟ್ಟು ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಹಿಂದೆ ನಾವು ಏಳೆಂಟು ಜನ. ಹನ್ನೊಂದಾಯಿತು, ಬರಲಿಲ್ಲ. ಹನ್ನೊಂದೂಕಾಲು. ಬೆವರು ಮತ್ತೆ ಆ ಬೆಸುಗೆಗೆ ಇಳಿಯುತ್ತಿದೆಯೇನೋ ಎಂದು ನಾನು ಅಕ್ಕನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಆಮೇಲೆ ಟ್ರಂಕ್ ಕಾಲಿನ ಆ ಉದ್ದ ಗಂಟೆ ಬಡಿಯಿತು. ಅಂಗಡಿಯವರು ರಿಸೀವರ್ ಎತ್ತಿ ಅಕ್ಕನಿಗೆ ಕೊಟ್ಟರು.

ಅಕ್ಕ ಬಾಯ ಹತ್ತಿರ ಹಿಡಿದು ಹಲೋ ಎಂದರು. ಆಮೇಲೆ ರಿಸೀವರನ್ನು ಕೆಳಗಿಳಿಸಿ ಎದೆಯ ಮೇಲಿನ ಚೀಲಕ್ಕೆ ಒತ್ತಿ ಹಿಡಿದರು. ಮತ್ತೆ ಬಾಯಿಗೆ, ಮತ್ತೆ ಎದೆಗೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅಂಗಡಿಯವರು ಹಾಗಲ್ಲ, ಕಿವಿಗೆ ಹಿಡೀಬೇಕು ಎಂದು ಮರಾಠಿಯಲ್ಲಿ ಹೇಳಲು ಹೋದರು, ನಾನು ಅವರ ಕೈ ಹಿಡಿದೆ.

ಒಮ್ಮೆ ಎದೆಗೆ ಹಿಡಿದ ಅಕ್ಕ ತೆಗೆಯಲೇ ಇಲ್ಲ. ಕಣ್ಣು ಮುಚ್ಚಿದ್ದರು. ನಮಗೇನೂ ಕೇಳಿಸುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ರಿಸೀವರನ್ನು ಬಾಯಿಗೆ ತಂದು ಮಗಳನ್ನು ಗದರಿಸಿದರು.

"ಯವ್ವಾ, ನನಗ ಕೇಳಸಾಕಂತ ಅದನ್ನ ಅಳಸಬ್ಯಾಡ. ಹಸದೈತಿ ಅದು, ಅಳೂದ್ರಾಗನ ಗೊತ್ತಾಗತೈತಿ. ಮದಲ ಎದಿಗೆ ಹಾಕ್ಕೊ."

ನನ್ನ ಪಕ್ಕದಲ್ಲಿದ್ದ, ಬೆಳಿಗ್ಗೆ ಆಪರೇಶನ್ ಎಂದು ತಮಾಷೆ ಮಾಡಿದ್ದವನು ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟ. ಅದು ಎರಡು ದಿನ ನೋಯುತ್ತಿತ್ತು.

ಸೋಮವಾರ ಮಾಸ್ತರಿಗೆ ಎಲ್ಲ ಹೇಳಿದೆ. ಅವರು ನಾನು ಕೆಡಿಸಿದ ಬಿಟ್ಟನ್ನು ಆ ಪೆನ್ನಿನಂಥ ಐರನ್ನಿನಿಂದ ಬಿಚ್ಚಿ ಗೋಡೆಯ ಮೊಳೆಗೆ ದಾರದಲ್ಲಿ ತೂಗುಹಾಕಿದ್ದರು. ಇನ್ನು ಮುಂದೆ ಕಲಿಯಲು ಬರುವವರಿಗೆ ಮೊದಲ ಪಾಠಕ್ಕೆ ಬೇಕಾಗುತ್ತದೆ ಎಂದರು. ತಂತಿ ಸುತ್ತಿದ ನನ್ನ ಐರನ್ನನ್ನು ಕೇಳಿ ಪಡೆದು, ತಿರುಗಿಸಿ ನೋಡಿ, ಅಂದಿನ ಸಣ್ಣ ಕೆಲಸಗಳನ್ನೆಲ್ಲ ನನ್ನ ಕಡೆಗೆ ಸರಿಸಿದರು.

ಪಟ್ಟಿ ಕೇಳಿದ ಆ ಪರಿಚಯದವರಿಗೆ ಈಗ ಹೇಳುತ್ತೇನೆ. ಒಂದು ಐರನ್, ಸೋಲ್ಡರ್ ತಂತಿ, ರಾಳ, ಒಳ್ಳೆ ಚಿಮುಟ, ಕಣ್ಣಿಗೆ ಗಾಜು, ಒಂದು ಮೀಟರು, ಹಳೇ ಬ್ರಶ್ಶು, ಸ್ಪಿರಿಟ್ಟು. ಬಿಟ್ಟಿನ ಮೇಲೆ ಅರ ಇಡುವ ಮೊದಲು ಅದು ಬರೀ ತಾಮ್ರವೋ ಲೇಪದ್ದೋ ಕೇಳಿಕೊಳ್ಳಿ. ನಿಮ್ಮ ಹಳೇ ಕೆಲಸ ಯಾವುದೇ ಇರಲಿ, ಅದರ ಒಂದು ತುಂಡನ್ನು ಡಬ್ಬಿಯಲ್ಲಿ ಇಟ್ಟುಕೊಂಡಿರಿ.

ನಿಮ್ಮಲ್ಲೂ ಯಾರಾದರೂ ಕಲಿಯುವಾಗ ಗುರುವಿನ ಸಾಮಾನು ಕೆಡಿಸಿರಬಹುದು, ಕೈಗೆ ಸಿಕ್ಕಿದ್ದರಿಂದ ಹೊಸ ಸಾಮಾನು ಮಾಡಿಕೊಂಡಿರಬಹುದು. ಹಾಗಿದ್ದರೆ ಎರಡು ಸಾಲಾದರೂ ಬರೆದು ತಿಳಿಸಿ. ಅಕ್ಷರ ತಪ್ಪಿದರೂ ಪರವಾಗಿಲ್ಲ, ನಾನು ನಿಧಾನಕ್ಕೆ ಕೂಡಿಸಿಕೊಂಡು ಓದುತ್ತೇನೆ.